ಅಂತರ್ಜಾಲದ ನಿಯಮ ಬರೆಯುವವರಿಗೆ ನಮ್ಮೂರಿನ ಮಾತು ಮುಟ್ಟಿಸುವುದು ಹೇಗೆ?

ಜಗತ್ತಿನಲ್ಲಿ ಇನ್ನೂ 260 ಕೋಟಿ ಜನ ಅಂತರ್ಜಾಲದಿಂದ ಹೊರಗೇ ಇದ್ದಾರೆ ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ (ಐಟಿಯು) 2024ರಲ್ಲಿ ಅಂದಾಜು ಮಾಡಿತು. ನಮ್ಮ ದೇಶದ ಚಿತ್ರ ಬೇಕೆಂದರೆ 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಒಮ್ಮೆಯಾದರೂ ಇಂಟರ್ನೆಟ್ ಬಳಸಿದವರು ಗಂಡಸರಲ್ಲಿ ಶೇ 57.1, ಹೆಂಗಸರಲ್ಲಿ ಶೇ 33.3, ಹಳ್ಳಿಯ ಹೆಂಗಸರಲ್ಲಿ ಶೇ 24.6.

ಈ ಡಿಜಿಟಲ್ ಕಂದಕ ಟವರ್ ನಿಲ್ಲಿಸಿದ ಮಾತ್ರಕ್ಕೆ ಮುಚ್ಚುವುದಿಲ್ಲ. ಡೇಟಾಗೆ ಎಷ್ಟು ದರ, ಗುಡ್ಡದಾಚೆಯ ಊರಿಗೆ ಜಾಲ ಒಯ್ಯಲು ಯಾರ ಹಣ, ವೆಬ್ ವಿಳಾಸದಲ್ಲಿ ಕನ್ನಡದ ಯಾವ ಅಕ್ಷರಕ್ಕೆ ಜಾಗ, ಕಣ್ಣು ಕಾಣದವರು ಅರ್ಜಿ ನಮೂನೆ ತುಂಬುವುದು ಹೇಗೆ, ಇವೆಲ್ಲವೂ ಎಲ್ಲೋ ಕೂತವರು ಬರೆಯುವ ನಿಯಮಗಳಿಂದ ತೀರ್ಮಾನವಾಗುತ್ತವೆ. ಆ ಜಾಗಗಳಲ್ಲಿ ಹೆಚ್ಚಿನವು ಸಾರ್ವಜನಿಕರಿಗೆ ತೆರೆದಿವೆ. ಅನೇಕ ಕಡೆ ನಯಾಪೈಸೆ ಶುಲ್ಕವಿಲ್ಲ, ಪದವಿ ಕೇಳುವುದಿಲ್ಲ, ಮನೆಯಿಂದಲೇ ಸೇರಬಹುದು. ಆದರೂ ನಮ್ಮ ಕಡೆಯವರ ದನಿ ಅಲ್ಲಿ ಕೇಳಿಸುವುದು ಅಪರೂಪ. ಶಿಕ್ಷಕರು, ಗ್ರಾಮ ಪಂಚಾಯಿತಿ ಸದಸ್ಯರು, ಗ್ರಂಥಪಾಲಕರು, ಸ್ವಸಹಾಯ ಸಂಘದ ಮಹಿಳೆಯರು, ಕಾಲೇಜು ವಿದ್ಯಾರ್ಥಿಗಳು, ಸಾಫ್ಟ್‌ವೇರ್ ಉದ್ಯೋಗಿಗಳು, ಯಾರು ಬೇಕಾದರೂ ಅಲ್ಲಿಗೆ ಹೋಗುವ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲ ಹಂತ: ತೊಂದರೆ ಯಾರ ವ್ಯಾಪ್ತಿಗೆ ಸೇರಿದ್ದು ಎಂದು ಗುರುತಿಸಿ

‘ನಮ್ಮಲ್ಲಿ ಇಂಟರ್ನೆಟ್ ಸರಿಯಿಲ್ಲ’ ಎಂಬ ದೂರಿಗೆ ಯಾರೂ ಉತ್ತರ ಕೊಡಲಾರರು. ತೊಂದರೆಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಆಗ ಅದು ಎಲ್ಲಿಗೆ ಹೋಗಬೇಕು ಎಂಬುದು ತಾನಾಗಿ ಹೊಳೆಯುತ್ತದೆ.

ದರ, ವೇಗ, ಸೇವೆಯ ಗುಣಮಟ್ಟದ ನಿಯಮಗಳು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್‌ಗೆ ಸೇರಿದವು. ಆದರೆ ನಿಮ್ಮೊಬ್ಬರ ಸಿಮ್ ಅಥವಾ ಬಿಲ್ಲಿನ ದೂರನ್ನು ಟ್ರಾಯ್ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಕಂಪನಿಯ ದೂರು ಕೇಂದ್ರ, ಅಲ್ಲಿ ಬಗೆಹರಿಯದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರವಿದೆ. ಲಾಭವಿಲ್ಲವೆಂದು ಕಂಪನಿಗಳು ಬಿಟ್ಟ ಊರುಗಳಿಗೆ ಸಂಪರ್ಕ ಒಯ್ಯಲು ‘ಡಿಜಿಟಲ್ ಭಾರತ್ ನಿಧಿ’ ಇದೆ. ಹಿಂದಿನ ಸಾರ್ವತ್ರಿಕ ಸೇವಾ ನಿಧಿಗೆ 2023ರ ದೂರಸಂಪರ್ಕ ಕಾಯ್ದೆ ಕೊಟ್ಟ ಹೊಸ ರೂಪ ಇದು. ಇದನ್ನು ನೋಡಿಕೊಳ್ಳುವುದು ಕೇಂದ್ರ ದೂರಸಂಪರ್ಕ ಇಲಾಖೆ.

ವೆಬ್ ವಿಳಾಸ, ಡೊಮೇನ್ ಹೆಸರುಗಳ ಜಾಗತಿಕ ವ್ಯವಸ್ಥೆಯನ್ನು ನೋಡಿಕೊಳ್ಳುವುದು ಐಕ್ಯಾನ್. ಕಂಪ್ಯೂಟರುಗಳು ಪರಸ್ಪರ ಮಾತಾಡುವ ತಾಂತ್ರಿಕ ಮಾನಕಗಳನ್ನು ಬರೆಯುವುದು ಐಇಟಿಎಫ್. ರೇಡಿಯೊ ತರಂಗಾಂತರದ ಹಂಚಿಕೆ ಐಟಿಯುವಿನದು. ಐಟಿಯುವಿನಲ್ಲಿ ಮತ ಹಾಕುವುದು ಸರ್ಕಾರಗಳು ಮಾತ್ರ. ಹಾಗಾಗಿ ಅಲ್ಲಿಗೆ ನೇರವಾಗಿ ಹೋಗಲು ಶ್ರಮಪಡಬೇಡಿ, ದೆಹಲಿಯ ದೂರಸಂಪರ್ಕ ಇಲಾಖೆಗೆ ಬರೆಯಿರಿ. ಇವೆಲ್ಲವನ್ನೂ ಒಟ್ಟಾಗಿ ಚರ್ಚಿಸುವ, ಆದರೆ ತೀರ್ಪು ಕೊಡದ ವೇದಿಕೆ ವಿಶ್ವಸಂಸ್ಥೆಯ ಇಂಟರ್ನೆಟ್ ಗವರ್ನೆನ್ಸ್ ಫೋರಂ (ಐಜಿಎಫ್).

ತಪ್ಪು ಕಚೇರಿಗೆ ಬರೆದ ಒಳ್ಳೆಯ ಪತ್ರ ಕಸದ ಬುಟ್ಟಿ ಸೇರುತ್ತದೆ. ಹಾಗಾಗಿ ಈ ಹಂತಕ್ಕೆ ಒಂದು ಸಂಜೆ ಪೂರ್ತಿ ಹೋದರೂ ನಷ್ಟವಿಲ್ಲ.

ಎರಡನೇ ಹಂತ: ಪುರಾವೆ ಕೂಡಿಸಿ

ಮೊಬೈಲ್ ಕಂಪನಿಗಳು ತಮ್ಮ ಜಾಲ ಎಲ್ಲೆಲ್ಲಿ ಸಿಗುತ್ತದೆ ಎಂಬ ನಕ್ಷೆಯನ್ನು ಜಾಲತಾಣದಲ್ಲಿ ಪ್ರಕಟಿಸಬೇಕು. ಟ್ರಾಯ್ 2024ರಲ್ಲಿ ಹೊರಡಿಸಿದ ಗುಣಮಟ್ಟದ ನಿಯಮಗಳಲ್ಲಿ ಇದು ಸೇರಿದೆ. ನಕ್ಷೆಯಲ್ಲಿ ನಿಮ್ಮ ಊರನ್ನು ಹುಡುಕಿ. ಅಲ್ಲಿ 4ಜಿ ಬಣ್ಣ ಬಳಿದಿದ್ದು, ಊರಿನ ಶಾಲೆಯ ಅಂಗಳದಲ್ಲಿ ಕರೆಯೂ ಹೋಗದಿದ್ದರೆ ನಕ್ಷೆಯ ಚಿತ್ರ ತೆಗೆದಿಟ್ಟುಕೊಳ್ಳಿ. ಟ್ರಾಯ್‌ನದೇ ಆದ ‘ಮೈಸ್ಪೀಡ್’ ಆ್ಯಪ್‌ನಲ್ಲಿ ಶಾಲೆ, ಪಂಚಾಯಿತಿ ಕಚೇರಿ, ಪಡಿತರ ಅಂಗಡಿ, ಆರೋಗ್ಯ ಉಪಕೇಂದ್ರಗಳ ಬಳಿ ವೇಗ ಅಳೆಯಿರಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತೂ ಅಳೆದು ದಿನಾಂಕ, ಗಂಟೆ, ಜಾಗ, ಕಂಪನಿ, ವೇಗ ಎಂದು ನೋಟ್‌ಬುಕ್‌ನಲ್ಲಿ ಐದು ಕಾಲಂ ಹಾಕಿ ಬರೆಯಿರಿ. ಪಡಿತರ ಅಂಗಡಿಯಲ್ಲಿ ಬೆರಳಚ್ಚು ತೆಗೆದುಕೊಳ್ಳದೆ ಜನ ವಾಪಸಾದ ದಿನಗಳನ್ನೂ ಗುರುತು ಮಾಡಿಕೊಳ್ಳಿ. ಒಂದು ತಿಂಗಳ ಇಂಥ ಪುಟಗಳು ಹತ್ತು ಭಾಷಣಕ್ಕಿಂತ ಹೆಚ್ಚು ತೂಗುತ್ತವೆ.

ಭಾಷೆಯ ವಿಷಯದಲ್ಲಿ ಪುರಾವೆ ಇನ್ನೂ ಸುಲಭ. ‘.ಭಾರತ’ ಎಂಬ ಕೊನೆಯಿರುವ ಡೊಮೇನ್ ಕನ್ನಡ ಲಿಪಿಯಲ್ಲೂ ಇದೆ. ಕನ್ನಡದಲ್ಲೇ ಇಮೇಲ್ ವಿಳಾಸ ಹೊಂದಲು ಬೇಕಾದ ಮಾನಕಗಳನ್ನು ಐಇಟಿಎಫ್ 2012ರಲ್ಲೇ ಪ್ರಕಟಿಸಿದೆ. ಜಿಮೇಲ್ 2014ರಿಂದ ಅಂಥ ವಿಳಾಸಗಳಿಗೆ ಪತ್ರ ಕಳುಹಿಸುತ್ತದೆ, ಅಲ್ಲಿಂದ ಬಂದುದನ್ನು ಸ್ವೀಕರಿಸುತ್ತದೆ. ಈಗ ನೀವು ದಿನವೂ ಬಳಸುವ ಬ್ಯಾಂಕ್, ರೈಲು, ಪರೀಕ್ಷಾ ಅರ್ಜಿ, ಸರ್ಕಾರಿ ಸೇವೆ ಯಾವುದಾದರೂ ಜಾಲತಾಣ ತೆರೆದು ಇಮೇಲ್ ಕೇಳುವ ಜಾಗದಲ್ಲಿ ಕನ್ನಡ ಅಕ್ಷರಗಳ ವಿಳಾಸವೊಂದನ್ನು ಟೈಪ್ ಮಾಡಿ ನೋಡಿ. ‘ಸರಿಯಾದ ವಿಳಾಸ ನಮೂದಿಸಿ’ ಎಂದು ಕೆಂಪಕ್ಷರ ಬಂದರೆ ಅದರ ಚಿತ್ರ ತೆಗೆಯಿರಿ. ಎಷ್ಟೋ ಕಡೆ ಕಾರಣ ತೀರಾ ಸಣ್ಣದು. ಇಮೇಲ್ ಎಂದರೆ ಇಂಗ್ಲಿಷಿನ ಇಪ್ಪತ್ತಾರು ಅಕ್ಷರ, ಅಂಕಿ, ಒಂದೆರಡು ಚಿಹ್ನೆ ಮಾತ್ರ ಎಂದು ಯಾರೋ ಬಹಳ ಹಿಂದೆ ಬರೆದ ಒಂದು ಸಾಲು ಕೋಡ್ ಹಾಗೇ ಉಳಿದಿರುತ್ತದೆ. ಬೆಂಗಳೂರಿನಲ್ಲೋ ಸಿಯಾಟಲ್‌ನಲ್ಲೋ ಕೂತು ಇಂಥ ನಮೂನೆಗಳನ್ನು ಬರೆಯುವ ಕನ್ನಡಿಗರು ಸಾವಿರಾರು ಮಂದಿ ಇದ್ದಾರೆ. ನಿಮ್ಮ ತಂಡದ ಕೋಡ್‌ನಲ್ಲಿ ಆ ಸಾಲು ಇದ್ದರೆ ಇವತ್ತೇ ತಿದ್ದಿ. ಅದಕ್ಕೆ ಯಾವ ಜಾಗತಿಕ ಸಭೆಯ ಅಪ್ಪಣೆಯೂ ಬೇಕಿಲ್ಲ.

ಮೂರನೇ ಹಂತ: ಮೊದಲು ಟ್ರಾಯ್‌ಗೆ ಬರೆದು ಅಭ್ಯಾಸ ಮಾಡಿಕೊಳ್ಳಿ

ಜಾಗತಿಕ ವೇದಿಕೆಗಿಂತ ಮೊದಲು ಟ್ರಾಯ್ ಯಾಕೆ? ಅಲ್ಲಿ ಸಾಮಾನ್ಯ ಜನ ಬರೆದದ್ದರಿಂದ ನಿಯಮ ಬದಲಾದ ಉದಾಹರಣೆ ಕಣ್ಣೆದುರಿಗೇ ಇದೆ. 2015ರ ಮಾರ್ಚ್‌ನಲ್ಲಿ ಟ್ರಾಯ್ ಒಂದು ಸಮಾಲೋಚನಾ ಪತ್ರ (ನಿಯಮ ಮಾಡುವ ಮುನ್ನ ಜನರ ಅಭಿಪ್ರಾಯ ಕೇಳುವ ಪತ್ರ) ಹೊರಡಿಸಿದಾಗ ನೆಟ್ ನ್ಯೂಟ್ರಾಲಿಟಿಯನ್ನು, ಅಂದರೆ ಎಲ್ಲ ಜಾಲತಾಣಗಳನ್ನೂ ಕಂಪನಿಗಳು ಸಮಾನವಾಗಿ ಕಾಣಬೇಕೆಂಬ ತತ್ವವನ್ನು, ಉಳಿಸಿ ಎಂದು ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ಹೋದವು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಒಂದೊಂದು ಜಾಲತಾಣಕ್ಕೆ ಒಂದೊಂದು ದರ ಇಡಬಹುದೇ ಎಂದು ಟ್ರಾಯ್ ಮತ್ತೆ ಕೇಳಿತು. ಫೇಸ್‌ಬುಕ್‌ನ ‘ಫ್ರೀ ಬೇಸಿಕ್ಸ್’ ಯೋಜನೆ ಆಗ ಎಲ್ಲರ ಬಾಯಲ್ಲಿತ್ತು. ಆಯ್ದ ಕೆಲವೇ ತಾಣಗಳನ್ನು ಬಡವರಿಗೆ ಉಚಿತವಾಗಿ ಕೊಡುತ್ತೇವೆ ಎಂಬುದು ಅದರ ವಾದ. 2016ರ ಫೆಬ್ರುವರಿ 8ರಂದು ಟ್ರಾಯ್ ಅಂಥ ತಾರತಮ್ಯದ ದರಗಳನ್ನು ನಿಷೇಧಿಸಿತು. ಬಡವರಿಗೆ ಅರ್ಧ ಇಂಟರ್ನೆಟ್ ಸಾಕು ಎಂಬ ವಾದವನ್ನು ಈ ದೇಶ ಒಪ್ಪಲಿಲ್ಲ. ಅದು ನಮ್ಮೆಲ್ಲರಿಗೂ ಹೆಮ್ಮೆಯ ಸಂಗತಿ ಎಂದೇ ನಾನು ತಿಳಿದಿದ್ದೇನೆ.

ಇದರಲ್ಲಿ ಕಲಿಯಬೇಕಾದ ಪಾಠ ಇನ್ನೊಂದಿದೆ. ಫ್ರೀ ಬೇಸಿಕ್ಸ್ ಪರವಾಗಿಯೂ ಲಕ್ಷಗಟ್ಟಲೆ ಸಂದೇಶ ಹೋಗಿದ್ದವು. ಅವು ಒಂದೇ ಅಚ್ಚಿನವು. ಟ್ರಾಯ್ ಕೇಳಿದ್ದ ನಾಲ್ಕು ಪ್ರಶ್ನೆಗಳಿಗೆ ಅವುಗಳಲ್ಲಿ ಉತ್ತರವೇ ಇರಲಿಲ್ಲ, ಅದನ್ನು ಟ್ರಾಯ್ ಬಹಿರಂಗವಾಗಿಯೇ ಹೇಳಿತು. ಹಾಗಾಗಿ ಬೇರೆಯವರು ಬರೆದುಕೊಟ್ಟ ಪತ್ರಕ್ಕೆ ಹೆಸರು ಹಾಕಿ ಕಳುಹಿಸಬೇಡಿ.

ಹೀಗೆ ಮಾಡಿ. ಟ್ರಾಯ್ ಜಾಲತಾಣದ ಸಮಾಲೋಚನಾ ವಿಭಾಗದಲ್ಲಿ ಈಗ ಅಭಿಪ್ರಾಯ ಕೇಳಿರುವ ಪತ್ರಗಳ ಪಟ್ಟಿ ಇರುತ್ತದೆ. ಪತ್ರ ನೂರು ಪುಟ ಇದ್ದರೂ ಹೆದರಬೇಡಿ. ನೇರವಾಗಿ ಪ್ರಶ್ನೆಗಳ ಅಧ್ಯಾಯಕ್ಕೆ ಹೋಗಿ. ನಿಮ್ಮ ಅನುಭವಕ್ಕೆ ಬಂದ ಒಂದೋ ಎರಡೋ ಪ್ರಶ್ನೆಗಳನ್ನು ಮಾತ್ರ ಆರಿಸಿಕೊಳ್ಳಿ. ಎಲ್ಲಕ್ಕೂ ಉತ್ತರಿಸಬೇಕೆಂಬ ಕಡ್ಡಾಯವಿಲ್ಲ. ಪ್ರಶ್ನೆಯ ಸಂಖ್ಯೆ ಬರೆದು, ಕೆಳಗೆ ನಿಮ್ಮ ಉತ್ತರ, ಅದರ ಕೆಳಗೆ ಪುರಾವೆ, ಕೊನೆಗೆ ಏನು ಬದಲಾಗಬೇಕು ಎಂಬುದನ್ನು ಬರೆಯಿರಿ. ಒಂದು ಮಾದರಿ:

‘ಗ್ರಾಮೀಣ ಭಾಗದ ಸೇವಾ ಗುಣಮಟ್ಟ ಕುರಿತ ಪ್ರಶ್ನೆಗೆ ಉತ್ತರ: ನಾನು ಪ್ರೌಢಶಾಲಾ ಶಿಕ್ಷಕಿ. ಕಂಪನಿಯ ನಕ್ಷೆಯಲ್ಲಿ ನಮ್ಮ ಊರು 4ಜಿ ವ್ಯಾಪ್ತಿಯಲ್ಲಿದೆ. ಶಾಲೆಯ ಅಂಗಳದಲ್ಲಿ ಒಂದು ತಿಂಗಳು ಅಳೆದ ವೇಗದ ಪಟ್ಟಿ ಲಗತ್ತಿಸಿದ್ದೇನೆ. ಜಿಲ್ಲೆಯ ಸರಾಸರಿಯಲ್ಲಿ ನಮ್ಮಂಥ ಊರುಗಳು ಮುಚ್ಚಿಹೋಗುತ್ತವೆ. ಆದ್ದರಿಂದ ಗುಣಮಟ್ಟದ ಲೆಕ್ಕವನ್ನು ಗ್ರಾಮ ಪಂಚಾಯಿತಿವಾರು ಪ್ರಕಟಿಸುವಂತೆ ನಿಯಮದಲ್ಲಿ ಸೇರಿಸಬೇಕು.’

ಇಷ್ಟು ಸಾಕು. ಕನ್ನಡದಲ್ಲೇ ಬರೆದು, ಜೊತೆಗೆ ಇಂಗ್ಲಿಷ್ ಅನುವಾದ ಇಟ್ಟು ಕಳುಹಿಸಿ. ಅನುವಾದಕ್ಕೆ ಊರಿನ ಕಾಲೇಜು ಹುಡುಗರ ನೆರವು ಪಡೆಯಿರಿ, ಯಂತ್ರಾನುವಾದವನ್ನು ನಂಬಿದರೆ ಅಂಕಿಗಳನ್ನೂ ಹೆಸರುಗಳನ್ನೂ ಒಂದೊಂದಾಗಿ ತಾಳೆ ನೋಡಿ. ಟ್ರಾಯ್ ಮೊದಲು ಅಭಿಪ್ರಾಯಗಳನ್ನು ಪಡೆದು ಪ್ರಕಟಿಸುತ್ತದೆ, ಆಮೇಲೆ ಅವುಗಳಿಗೆ ಪ್ರತಿಕ್ರಿಯೆ ಬರೆಯಲು ಅವಕಾಶ ಕೊಡುತ್ತದೆ. ಹೆಚ್ಚಿನವರು ಬಿಟ್ಟುಬಿಡುವುದು ಈ ಎರಡನೇ ಸುತ್ತನ್ನೇ. ಕಂಪನಿಗಳು ಏನು ಬರೆದಿವೆ ಎಂದು ಓದಿ, ನಿಮ್ಮ ಪುರಾವೆಗೆ ವಿರುದ್ಧವಾದ ಮಾತು ಕಂಡರೆ ಅಲ್ಲಿಯೇ ಹಿಡಿಯಿರಿ. ಅನಂತರ ಮುಕ್ತ ಚರ್ಚೆ ನಡೆಯುತ್ತದೆ, ಅದರಲ್ಲೂ ಮಾತಾಡಬಹುದು. ಟ್ರಾಯ್‌ಗೆ ಬೆಂಗಳೂರಿನಲ್ಲಿ ಪ್ರಾದೇಶಿಕ ಕಚೇರಿಯೂ ಇದೆ.

ಕೇಂದ್ರ ಸಚಿವಾಲಯಗಳ ಕರಡು ಕಾಯ್ದೆಗಳಿಗೂ ಇದೇ ಕ್ರಮ. ಕರಡನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕೆಂದು 2014ರ ಶಾಸನಪೂರ್ವ ಸಮಾಲೋಚನಾ ನೀತಿ ಹೇಳುತ್ತದೆ. ಅಂಗವಿಕಲರ ಪರವಾಗಿ ಬರೆಯುವವರು 2025ರ ಏಪ್ರಿಲ್ 30ರ ಸುಪ್ರೀಂ ಕೋರ್ಟ್ ತೀರ್ಪನ್ನು ಉಲ್ಲೇಖಿಸಲು ಮರೆಯಬೇಡಿ. ಆಸಿಡ್ ದಾಳಿಗೆ ಒಳಗಾದವರೂ ದೃಷ್ಟಿಹೀನರೂ ಇ-ಕೆವೈಸಿಯಲ್ಲಿ (ಗುರುತನ್ನು ಆನ್‌ಲೈನ್‌ನಲ್ಲೇ ಖಚಿತಪಡಿಸುವ ವಿಧಾನ) ಪಡುತ್ತಿದ್ದ ಪಾಡನ್ನು ಕೇಳಿದ ನ್ಯಾಯಾಲಯ, ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೇ ಎಂದಿತು.

ನಾಲ್ಕನೇ ಹಂತ: ಐಕ್ಯಾನ್‌ನಲ್ಲಿ ಕನ್ನಡದ ಪರವಾಗಿ

ಐಕ್ಯಾನ್ ಕೇಬಲ್ ಎಳೆಯುವುದಿಲ್ಲ, ಯಾವ ಪೋಸ್ಟ್ ತೆಗೆಯಬೇಕೆಂದೂ ಹೇಳುವುದಿಲ್ಲ. ಹೆಸರು ಮತ್ತು ಸಂಖ್ಯೆಗಳ ವ್ಯವಸ್ಥೆ ಅದರ ಕೆಲಸ. 2016ರ ಅಕ್ಟೋಬರ್ 1ರವರೆಗೆ ಇದರ ಮೇಲೆ ಅಮೆರಿಕ ಸರ್ಕಾರದ ಮೇಲ್ವಿಚಾರಣೆ ಇತ್ತು. ಈಗ ಸರ್ಕಾರಗಳು, ಕಂಪನಿಗಳು, ತಂತ್ರಜ್ಞರು, ಬಳಕೆದಾರರು ಸೇರಿ ನಡೆಸುತ್ತಾರೆ. ಹೆಸರಿಗೆ ಎಲ್ಲರೂ ಸಮಾನರು, ಬಲದಲ್ಲಿ ಅಲ್ಲ. 2012ರಲ್ಲಿ ಹೊಸ ಡೊಮೇನ್ ಕೊನೆಗಳಿಗೆ (‘.com’ನಂತೆ ವಿಳಾಸದ ತುದಿಯಲ್ಲಿ ಬರುವ ಭಾಗ) ಅರ್ಜಿ ಕರೆದಾಗ ಬಂದ 1,930 ಅರ್ಜಿಗಳಲ್ಲಿ 911 ಉತ್ತರ ಅಮೆರಿಕದವು, ಇಡೀ ಆಫ್ರಿಕಾ ಖಂಡದ್ದು 17. ಅರ್ಜಿ ಶುಲ್ಕವೇ 1,85,000 ಡಾಲರ್ ಇದ್ದ ಮೇಲೆ ಇನ್ನೇನಾದೀತು?

ಕನ್ನಡಕ್ಕೆ ಇಲ್ಲಿ ನೇರ ಸಂಬಂಧ ಇದೆ. ಡೊಮೇನ್ ವ್ಯವಸ್ಥೆಯ ತುತ್ತತುದಿಯಲ್ಲಿರುವ ರೂಟ್ ಜೋನ್‌ನಲ್ಲಿ ಯಾವ ಲಿಪಿಯ ಯಾವ ಅಕ್ಷರಗಳು, ಯಾವ ಕ್ರಮದಲ್ಲಿ ಬರಬಹುದು ಎಂದು ಪ್ರತಿ ಲಿಪಿಗೂ ನಿಯಮಾವಳಿ ಬರೆಯಲಾಗಿದೆ. ಕನ್ನಡ, ತೆಲುಗು, ತಮಿಳು, ದೇವನಾಗರಿ ಸೇರಿ ಒಂಬತ್ತು ಲಿಪಿಗಳ ಕೆಲಸವನ್ನು ‘ನಿಯೋ-ಬ್ರಾಹ್ಮಿ’ ಎಂಬ ತಜ್ಞರ ತಂಡ ಮಾಡಿತು. ಕನ್ನಡದ ಪ್ರಸ್ತಾವ 2019ರಲ್ಲಿ ಅಂತಿಮವಾಯಿತು. ಅದಕ್ಕೂ ಮುಂಚೆ ಕರಡು ಸಾರ್ವಜನಿಕ ಅಭಿಪ್ರಾಯಕ್ಕೆ ತೆರೆದಿತ್ತು.

ಆ ನಿಯಮಗಳಲ್ಲಿ ಏನಿದೆ? ಕನ್ನಡದಲ್ಲಿ ‘ರಾಜ್‌ಕುಮಾರ್’ ಎಂದು ಬರೆಯಲು ಜಕಾರಕ್ಕೂ ಕಕಾರಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಬೇಕು. ಅದಿಲ್ಲದಿದ್ದರೆ ಕಕಾರ ಒತ್ತಾಗಿ ಇಳಿದು ‘ರಾಜ್ಕುಮಾರ್’ ಆಗುತ್ತದೆ. ‘ರ‍್ಯಾಂಕ್’ ಬರೆಯಲು ಅಂಥದೇ ಇನ್ನೊಂದು ಸಂಕೇತ ಬೇಕು, ಇಲ್ಲದಿದ್ದರೆ ಅರ್ಕಾವತ್ತು ಬಂದು ‘ರ್ಯಾಂಕ್’ ಆಗುತ್ತದೆ. ಕಾಣದ ಸಂಕೇತಗಳನ್ನು ಬಳಸಿ ನಕಲಿ ವಿಳಾಸ ಸೃಷ್ಟಿಸಬಹುದೆಂಬ ಭಯದಿಂದ ಈ ಎರಡನ್ನೂ ರೂಟ್ ಜೋನ್‌ನಿಂದ ಹೊರಗಿಟ್ಟಿದ್ದಾರೆ. ಹಾಗೆಯೇ ಕನ್ನಡ ಮತ್ತು ತೆಲುಗಿನಲ್ಲಿ ಒಂದೇ ತರ ಕಾಣುವ ಅಕ್ಷರಗಳನ್ನು ಪರಸ್ಪರ ಬದಲಿಗಳೆಂದು ಗುರುತಿಸಿದ್ದಾರೆ. ಒಂದು ಲಿಪಿಯಲ್ಲಿ ಒಬ್ಬರು ಹೆಸರು ಪಡೆದರೆ, ಇನ್ನೊಂದರಲ್ಲಿ ಅದರಂತೆಯೇ ಕಾಣುವ ಹೆಸರು ಬೇರೊಬ್ಬರಿಗೆ ಸಿಗುವುದಿಲ್ಲ. ಎರಡನೆಯ ನಿಯಮ ಸರಿಯೆಂದೇ ನನಗನ್ನಿಸುತ್ತದೆ, ವಂಚಕರಿಂದ ಸಾಮಾನ್ಯರನ್ನು ಅದು ಕಾಯುತ್ತದೆ. ಮೊದಲನೆಯದಕ್ಕೆ ಮಾತ್ರ ಕನ್ನಡ ಬೆಲೆ ತೆತ್ತಿದೆ. ಇಂಥ ತೀರ್ಮಾನಗಳ ಹೊತ್ತಿಗೆ ಹತ್ತಾರು ಕನ್ನಡ ಶಿಕ್ಷಕರು, ಸಂಪಾದಕರು, ಫಾಂಟ್ ತಯಾರಕರು ಬರೆದಿರಬೇಕು.

ಮುಂದಿನ ಸಲ ಬರೆಯಲು ಹೀಗೆ ಸಿದ್ಧರಾಗಿ. ‘ಐಕ್ಯಾನ್ ಲರ್ನ್’ ಎಂಬ ಉಚಿತ ಕಲಿಕಾ ತಾಣದಲ್ಲಿ ಖಾತೆ ತೆರೆದು ಪ್ರಾಥಮಿಕ ಪಾಠ ಮುಗಿಸಿ. ಐಕ್ಯಾನ್ ಜಾಲತಾಣದ ಸಾರ್ವಜನಿಕ ಅಭಿಪ್ರಾಯ ಪುಟವನ್ನು ತಿಂಗಳಿಗೊಮ್ಮೆ ನೋಡಿ, ಸಾಮಾನ್ಯವಾಗಿ 40 ದಿನ ಕಾಲಾವಕಾಶ ಇರುತ್ತದೆ. ಬಳಕೆದಾರರ ಪ್ರತಿನಿಧಿ ಘಟಕವಾದ ‘ಅಟ್-ಲಾರ್ಜ್’ಗೆ ವ್ಯಕ್ತಿಯಾಗಿಯೂ ಸೇರಬಹುದು. ವರ್ಷಕ್ಕೆ ಮೂರು ಸಾರ್ವಜನಿಕ ಸಭೆಗಳು ನಡೆಯುತ್ತವೆ, ಆನ್‌ಲೈನ್‌ನಲ್ಲಿ ಉಚಿತವಾಗಿ ಕೂರಬಹುದು. ಖುದ್ದಾಗಿ ಹೋಗಬೇಕೆಂದರೆ ಫೆಲೋಶಿಪ್ ಇದೆ, ಆಯ್ಕೆಯಾದವರ ಪ್ರಯಾಣ ಮತ್ತು ವಸತಿಯನ್ನು ಐಕ್ಯಾನ್ ಭರಿಸುತ್ತದೆ. ಅರ್ಜಿಯಲ್ಲಿ ನಿಮ್ಮ ಪದವಿಗಿಂತ ನಿಮ್ಮೂರಿನ ಕೆಲಸವನ್ನು ಮುಂದಿಡಿ. ಪಂಚಾಯಿತಿ ಗ್ರಂಥಾಲಯ ನಡೆಸಿದ ಅನುಭವ ಅಲ್ಲಿ ಇಂಜಿನಿಯರಿಂಗ್ ಪದವಿಗಿಂತ ಅಪರೂಪ.

ಐದನೇ ಹಂತ: ಐಜಿಎಫ್ ಮತ್ತು ಅದರ ಮಕ್ಕಳು

2003ರಲ್ಲಿ ಜಿನೀವಾ, 2005ರಲ್ಲಿ ಟ್ಯೂನಿಸ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಶೃಂಗಸಭೆಯ ಫಲವಾಗಿ ಐಜಿಎಫ್ ಹುಟ್ಟಿತು. ಮೊದಲ ಸಭೆ 2006ರಲ್ಲಿ ಅಥೆನ್ಸ್‌ನಲ್ಲಿ, ಮೂರನೆಯದು 2008ರಲ್ಲಿ ನಮ್ಮ ನೆರೆಯ ಹೈದರಾಬಾದ್‌ನಲ್ಲಿ. ಇದು ತೀರ್ಪು ಕೊಡದ ಸಭೆ, ಅಲ್ಲಿಗೆ ಹೋಗಿ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ತೀರ್ಪು ಕೊಡುವವರೆಲ್ಲ ಒಂದೇ ಕಡೆ ಸಿಗುತ್ತಾರೆ ಎಂಬುದೇ ಪ್ರಯೋಜನ. ಸಚಿವಾಲಯದ ಅಧಿಕಾರಿ, ದೊಡ್ಡ ಕಂಪನಿಯ ಪ್ರತಿನಿಧಿ, ಕೀನ್ಯಾದಲ್ಲೋ ಬ್ರೆಜಿಲ್‌ನಲ್ಲೋ ಸಮುದಾಯ ಜಾಲ (ಊರಿನವರೇ ಸೇರಿ ನಡೆಸುವ ಅಂತರ್ಜಾಲ ಸಂಪರ್ಕ) ಕಟ್ಟಿದವರು ಒಂದೇ ಕೋಣೆಯಲ್ಲಿ ಇರುತ್ತಾರೆ.

ನೇರವಾಗಿ ಜಾಗತಿಕ ಸಭೆಗೆ ಹಾರಬೇಡಿ. ಭಾರತದ್ದೇ ಆದ ಇಂಡಿಯಾ ಐಜಿಎಫ್ 2021ರಿಂದ ನಡೆಯುತ್ತಿದೆ, ಏಷ್ಯಾ ಪೆಸಿಫಿಕ್ ಪ್ರದೇಶದ ಸಭೆ 2010ರಿಂದ ಇದೆ. ಇದೇ ವಿಷಯ ಕಲಿಸುವ ‘ಇನ್‌ಸಿಗ್’ ಎಂಬ ಭಾರತೀಯ ಶಾಲೆ 2016ರಲ್ಲಿ ಶುರುವಾಯಿತು. ಮೊದಲ ವರ್ಷ ಕೇಳಿ, ಎರಡನೇ ವರ್ಷ ಮಾತಾಡಿ, ಮೂರನೇ ವರ್ಷ ಗೋಷ್ಠಿಯ ಪ್ರಸ್ತಾವ ಕಳುಹಿಸಿ. ಪ್ರಸ್ತಾವದಲ್ಲಿ ‘ಗ್ರಾಮೀಣ ಭಾರತ ಮತ್ತು ಇಂಟರ್ನೆಟ್’ ಎಂಬಂಥ ಅಗಲವಾದ ವಿಷಯ ಬೇಡ. ‘ಪಡಿತರ ಅಂಗಡಿಯಲ್ಲಿ ನೆಟ್‌ವರ್ಕ್ ಕೈಕೊಟ್ಟಾಗ ಹೊಣೆ ಯಾರದು’ ಎಂದು ಕೇಳಿದರೆ ಆಯ್ಕೆ ಸಮಿತಿಯೂ ಕಣ್ಣರಳಿಸಿ ಓದುತ್ತದೆ.

ಒಬ್ಬರೇ ಹೋಗುವುದು ಕಷ್ಟ. ಈ ಕೆಲಸವನ್ನು ವರ್ಷಗಟ್ಟಲೆ ಮಾಡಿದ ಸಂಸ್ಥೆಗಳು ನಮ್ಮಲ್ಲೇ ಇವೆ. ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಮೈಸೂರು ಭಾಗದ ಹಳ್ಳಿಯ ಮಹಿಳೆಯರ ಜೊತೆಗೂ ವಿಶ್ವಸಂಸ್ಥೆಯ ಸಭೆಗಳಲ್ಲೂ ಕೆಲಸ ಮಾಡಿದೆ. ‘ಜನಸ್ತು’ ತಂಡ ತುಮಕೂರು ಬಳಿಯ ದೇವರಾಯನದುರ್ಗದ ಸುತ್ತ ಸಮುದಾಯದ ವೈಫೈ ಜಾಲ ಕಟ್ಟಿದೆ. ಇಂಥವರನ್ನು ಸಂಪರ್ಕಿಸಿ ಜೊತೆಯಾಗಿ ಪ್ರಸ್ತಾವ ಬರೆಯಿರಿ.

ಸಭೆಯಲ್ಲಿ ಮಾತಾಡುವಾಗ

ಸಭಿಕರಿಗೆ ಸಿಗುವುದು ಎರಡು ನಿಮಿಷ, ಕೆಲವೊಮ್ಮೆ ಒಂದೇ. ಸ್ವಾಗತ, ಧನ್ಯವಾದ, ಗಣ್ಯರ ಹೆಸರು ಇವುಗಳಲ್ಲಿ ಅದನ್ನು ಕಳೆಯಬೇಡಿ. ಹೆಸರು, ಊರು, ಒಂದು ಸಂಗತಿ, ಒಂದು ಬೇಡಿಕೆ. ಬರೆದುಕೊಂಡು ಗಡಿಯಾರ ಹಿಡಿದು ಮನೆಯಲ್ಲಿ ಜೋರಾಗಿ ಓದಿ ನೋಡಿ. ಇಂಗ್ಲಿಷ್ ಸರಾಗವಾಗಿ ಬಾರದಿದ್ದರೆ ನಿಧಾನವಾಗಿ ಓದಿ, ತಪ್ಪೇನೂ ಇಲ್ಲ. ಆ ಕೋಣೆಯಲ್ಲಿ ಇಂಗ್ಲಿಷ್ ಮನೆಮಾತಲ್ಲದವರೇ ಬಹಳ. ಆನ್‌ಲೈನ್‌ನಲ್ಲಿದ್ದರೆ ನೆಟ್ ಕೈಕೊಡಬಹುದು, ಮಾತನ್ನು ಮೊದಲೇ ಚಾಟ್‌ನಲ್ಲಿ ಹಾಕಿಡಿ, ದಾಖಲೆಯಲ್ಲಾದರೂ ಉಳಿಯುತ್ತದೆ.

ಹೆಣ್ಣುಮಕ್ಕಳನ್ನು ಕಳುಹಿಸುವ ಸಂಸ್ಥೆಗಳಿಗೆ ಒಂದು ಮಾತು. ಸಭೆಯ ಸಮಯ ಭಾರತದ ರಾತ್ರಿಗೆ ಬಿದ್ದರೆ, ಮನೆಯಲ್ಲಿ ಇರುವ ಒಂದೇ ಫೋನ್ ಗಂಡನ ಕೈಯಲ್ಲಿದ್ದರೆ, ಆಹ್ವಾನ ಕಳುಹಿಸಿದ್ದೇವೆ ಎಂದರೆ ಸಾಲದು. ಕೂರಲು ಜಾಗ, ಒಂದು ಲ್ಯಾಪ್‌ಟಾಪ್, ರಾತ್ರಿ ಮನೆ ಮುಟ್ಟಿಸುವ ವ್ಯವಸ್ಥೆ ಇಷ್ಟನ್ನೂ ಮೊದಲೇ ಮಾಡಿ.

ಕೊನೆಯ ಹಂತ: ಊರಿಗೆ ಲೆಕ್ಕ ಒಪ್ಪಿಸಿ

ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ಹಲವೆಡೆ ಕಂಪ್ಯೂಟರ್ ಇದೆ. ಐಜಿಎಫ್ ನಡೆಯುವ ದಿನಗಳಲ್ಲಿ ಅಲ್ಲಿ ಹತ್ತು ಜನ ಸೇರಿ ಒಂದು ಗೋಷ್ಠಿ ನೋಡಿ, ಇಂಗ್ಲಿಷ್ ಬಲ್ಲವರೊಬ್ಬರು ನಡುನಡುವೆ ಕನ್ನಡದಲ್ಲಿ ಹೇಳಲಿ. ನೀವು ಕಳುಹಿಸಿದ ಅಭಿಪ್ರಾಯದ ಪ್ರತಿಯನ್ನು ಕನ್ನಡದಲ್ಲಿ ಸೂಚನಾ ಫಲಕಕ್ಕೆ ಹಾಕಿ. ಅಂತಿಮ ನಿಯಮ ಬಂದಾಗ ಜೊತೆಯ ವಿವರಣಾ ಟಿಪ್ಪಣಿ ಓದಿ, ನಿಮ್ಮ ಅಂಶವನ್ನು ಒಪ್ಪಿದ್ದಾರೋ, ತಳ್ಳಿದ್ದಾರೋ, ಗಮನಿಸಿಯೇ ಇಲ್ಲವೋ ನೋಡಿ. ಗಮನಿಸಿಲ್ಲವೆಂದಾದರೆ ಮಾಹಿತಿ ಹಕ್ಕು ಕಾಯ್ದೆಯಡಿ ನಿಮ್ಮ ಪತ್ರದ ಮೇಲೆ ಏನು ಕ್ರಮವಾಯಿತು ಎಂದು ಟ್ರಾಯ್‌ಗೋ ಸಚಿವಾಲಯಕ್ಕೋ ಕೇಳಿ. ಹತ್ತು ರೂಪಾಯಿ ಶುಲ್ಕ, ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಐಕ್ಯಾನ್‌ಗೆ ಈ ಕಾಯ್ದೆ ತಾಗುವುದಿಲ್ಲ, ಆದರೆ ಅದು ಪ್ರತಿ ಸಮಾಲೋಚನೆಯ ನಂತರ ಬಂದ ಅಭಿಪ್ರಾಯಗಳ ಸಾರಾಂಶ ವರದಿ ಪ್ರಕಟಿಸುತ್ತದೆ. ಅದರಲ್ಲಿ ನಿಮ್ಮ ಹೆಸರನ್ನು ಹುಡುಕಿ, ಮಾತನ್ನು ತಿರುಚಿದ್ದರೆ ಕೂಡಲೇ ಬರೆದು ತಿಳಿಸಿ. ಆ ವರದಿಯ ಒಂದು ಪ್ರತಿಯನ್ನು ಮೊದಲ ತಿಂಗಳ ನೋಟ್‌ಬುಕ್ ಜೊತೆಗೆ ಅರಿವು ಕೇಂದ್ರದ ಕಪಾಟಿನಲ್ಲಿ ಇಡಿ, ಮುಂದಿನ ಸಲ ಬರೆಯುವವರು ಸೊನ್ನೆಯಿಂದ ಶುರು ಮಾಡಬೇಕಾಗುವುದಿಲ್ಲ.